ಎಸಿಗೆ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಲೇಬೇಕೇ? ಕೊಡಗಿನ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಬೇರೆಯೇ ಇದೆ

ಫೆಬ್ರವರಿ ಮುಗಿಯುತ್ತಿದ್ದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ಬೇಸಿಗೆಗೆ ಮೊದಲು ಎಸಿಗೆ ಗ್ಯಾಸ್ ತುಂಬಿಸಿಕೊಳ್ಳಿ, ವರ್ಷಕ್ಕೊಮ್ಮೆ ತುಂಬಿಸದಿದ್ದರೆ ಕಂಪ್ರೆಸರ್ ಸುಟ್ಟುಹೋಗುತ್ತದೆ, ಎಸಿ ಸಿಡಿಯಲೂಬಹುದು ಎಂಬ ಎಚ್ಚರಿಕೆ. ಕೆಳಗೆ ಕಪ್ಪಗೆ ಸುಟ್ಟ ಯಾವುದೋ ಎಸಿಯ ಫೋಟೊ.

ಕೊಡಗಿಗೂ ಎಸಿಗೂ ಏನು ಸಂಬಂಧ ಎಂದು ಹೊರಗಿನವರು ಕೇಳಬಹುದು. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಫ್ಯಾನ್ ಸಾಕಾಗುವ ಮನೆಗಳು ಈಗಲೂ ಬಹಳ. ಆದರೆ ಕುಶಾಲನಗರ ಅದಕ್ಕಿಂತ 300 ಮೀಟರ್‌ನಷ್ಟು ಕೆಳಗಿದೆ, ಮಳೆಯೂ ಕಡಿಮೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅಲ್ಲಿನ ಆರ್‌ಸಿಸಿ ಮನೆಯ ಮಹಡಿಯಲ್ಲಿ ಕೂತವರಿಗೆ ಎಸಿ ಏಕೆ ಎಂದು ವಿವರಿಸಬೇಕಿಲ್ಲ. ಕೊಡಗಿನ ಎಸಿಯ ವಿಶೇಷವೆಂದರೆ ಅದು ವರ್ಷದಲ್ಲಿ ಎರಡು, ಮೂರು ತಿಂಗಳು ಮಾತ್ರ ಕೆಲಸ ಮಾಡುತ್ತದೆ. ಉಳಿದ ಕಾಲ, ಜೋರು ಮಳೆಗಾಲವೂ ಸೇರಿ, ಸುಮ್ಮನೆ ಗೋಡೆಯ ಮೇಲೆ ಕೂತಿರುತ್ತದೆ. ಅದರ ಕಾಯಿಲೆಗಳೆಲ್ಲ ಬಹುಮಟ್ಟಿಗೆ ಆ ಸುಮ್ಮನೆ ಕೂತ ಕಾಲದಲ್ಲಿ ಹುಟ್ಟಿದವು.

ಗ್ಯಾಸ್ ಖರ್ಚಾಗುವ ವಸ್ತುವಲ್ಲ

ಫಾರ್ವರ್ಡ್‌ನ ಮೂಲ ತಪ್ಪು ಇಲ್ಲೇ ಇದೆ. ಸ್ಕೂಟರ್ ಪೆಟ್ರೋಲ್ ಸುಡುವಂತೆ ಎಸಿ ತನ್ನ ಗ್ಯಾಸನ್ನು ಸುಡುವುದಿಲ್ಲ. ಮುಚ್ಚಿದ ತಾಮ್ರ ಅಥವಾ ಅಲ್ಯೂಮಿನಿಯಂ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಒಳಗಿನ ಘಟಕದಲ್ಲಿ ದ್ರವ ಆವಿಯಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ, ಹೊರಗಿನ ಘಟಕದಲ್ಲಿ ಮತ್ತೆ ದ್ರವವಾಗುವಾಗ ಆ ಶಾಖವನ್ನು ಬಿಡುತ್ತದೆ. ಫ್ರಿಜ್‌ನಲ್ಲಿ ನಡೆಯುವುದೂ ಇದೇ. ಹತ್ತು ವರ್ಷದ ಫ್ರಿಜ್‌ಗೆ ವರ್ಷವರ್ಷವೂ ಗ್ಯಾಸ್ ತುಂಬಿಸಿದವರನ್ನು ನೀವು ಕಂಡಿದ್ದೀರಾ?

ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತೂತು ಮುಚ್ಚದೆ ತುಂಬಿಸಿದರೆ ಮುಂದಿನ ವರ್ಷ ಮತ್ತೆ ಅದೇ ಬಿಲ್. ಕುಶಾಲನಗರದ ನಮ್ಮ ಬಂಧುವೊಬ್ಬರು ಹೀಗೆ ಸತತ ಮೂರು ಬೇಸಿಗೆ ಹಣ ಕೊಟ್ಟರು. ನಾಲ್ಕನೆಯ ವರ್ಷ ಬಂದ ಹುಡುಗ ಹೊರಗಿನ ಘಟಕದ ಪಕ್ಕದ ನಟ್ ಮೇಲೆ ಎಣ್ಣೆಯ ಕಲೆ ನೋಡಿದ, ಸೋಪಿನ ನೊರೆ ಹಚ್ಚಿದ, ಗುಳ್ಳೆ ಬಂತು. ಕಂಪ್ರೆಸರ್‌ನ ಎಣ್ಣೆಯೂ ಗ್ಯಾಸ್ ಜತೆ ಸುತ್ತುವುದರಿಂದ ಸೋರುವ ಜಾಗದಲ್ಲಿ ಜಿಡ್ಡು ಕಾಣುತ್ತದೆ.

ಕೊಡಗಿನಂಥ ತಂಪು ಜಾಗದಲ್ಲಿ ಇನ್ನೊಂದು ತೊಡಕಿದೆ. ಅಡುಗೆ ಸಿಲಿಂಡರ್ ನೆನಪಿಸಿಕೊಳ್ಳಿ. ಒಳಗೆ ಸ್ವಲ್ಪವಾದರೂ ದ್ರವ ಇರುವವರೆಗೆ ತುಂಬಿದ ಸಿಲಿಂಡರ್‌ನಲ್ಲೂ ಅರ್ಧ ಸಿಲಿಂಡರ್‌ನಲ್ಲೂ ಒತ್ತಡ ಒಂದೇ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಬೇಕು. ಒತ್ತಡ ಬದಲಾಗುವುದು ತಾಪಮಾನದಿಂದ: ಚಳಿಯಲ್ಲಿ ಇಳಿಯುತ್ತದೆ, ಸೆಕೆಯಲ್ಲಿ ಏರುತ್ತದೆ. ಎಸಿಯ ಗ್ಯಾಸ್‌ಗೂ ಇದೇ ನಿಯಮ. ಬಯಲುಸೀಮೆಯ 35 ಡಿಗ್ರಿ ಮಧ್ಯಾಹ್ನದಲ್ಲಿ ಕಾಣುವ ಒತ್ತಡವನ್ನೇ ಫೆಬ್ರವರಿಯ ಬೆಳಗ್ಗೆ ಮಡಿಕೇರಿಯಲ್ಲಿ ಹುಡುಕಿದರೆ ಮೀಟರ್ ಮುಳ್ಳು ಕೆಳಗೇ ಇರುತ್ತದೆ, ಎಸಿ ಸರಿಯಾಗಿದ್ದರೂ. ಇನ್ವರ್ಟರ್ ಎಸಿಯಲ್ಲಂತೂ ಕಂಪ್ರೆಸರ್ ವೇಗ ಬದಲಾದಂತೆ ಮುಳ್ಳೂ ಕುಣಿಯುತ್ತದೆ. ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾನೆ ಎಂದೇನಲ್ಲ. ಮುಳ್ಳು ನೋಡಿ ಪ್ರಾಮಾಣಿಕವಾಗಿಯೇ ತಪ್ಪು ತಿಳಿಯಬಹುದು.

ಹಾಗಾಗಿ "ಗ್ಯಾಸ್ ಕಡಿಮೆ" ಎಂದಾಗ "ಎಲ್ಲಿ ಸೋರುತ್ತಿದೆ, ತೋರಿಸಿ" ಎಂದು ಕೇಳಿ. ಸರಿಯಾದ ಕ್ರಮ ಹೀಗೆ: ನೈಟ್ರೋಜನ್ ತುಂಬಿ ಸೋರಿಕೆ ಹುಡುಕುವುದು, ರಿಪೇರಿ, ವ್ಯಾಕ್ಯೂಮ್ ಪಂಪ್‌ನಿಂದ ಒಳಗಿನ ಗಾಳಿ ಮತ್ತು ತೇವ ತೆಗೆಯುವುದು, ಆಮೇಲೆ ಹೊರಗಿನ ಘಟಕದ ಲೇಬಲ್‌ನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಗಿ ಹಾಕುವುದು. ಅದೇ ಲೇಬಲ್‌ನಲ್ಲಿ ಗ್ಯಾಸ್‌ನ ಹೆಸರೂ ಇರುತ್ತದೆ: ಹಳೆಯ ಎಸಿಗಳಲ್ಲಿ ಆರ್-22, ಈಚಿನ ಬಹುಪಾಲು ಎಸಿಗಳಲ್ಲಿ ಆರ್-32. ಒಂದರ ಬದಲು ಇನ್ನೊಂದು ಹಾಕುವಂತಿಲ್ಲ. ಸೋರಿದ ಗ್ಯಾಸ್ ಮಾಯವಾಗುವುದೂ ಇಲ್ಲ. ಒಂದು ಕಿಲೊ ಆರ್-32 ಗಾಳಿಗೆ ಸೇರಿದರೆ, 100 ವರ್ಷದ ಲೆಕ್ಕದಲ್ಲಿ, ಸುಮಾರು 675 ಕಿಲೊ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಮನೆಯಲ್ಲೇ ಅರ್ಧ ಗಂಟೆಯ ಪರೀಕ್ಷೆ

ಮಾರ್ಚ್ ಹುಟ್ಟುವ ಮೊದಲೇ ಒಂದು ದಿನ ಎಸಿ ಓಡಿಸಿ ನೋಡಿ. ಬೆಳಗ್ಗೆ ಬೇಡ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ. ಕೋಣೆಯೇ 23 ಡಿಗ್ರಿ ಇರುವಾಗ ರಿಮೋಟ್‌ನಲ್ಲಿ 24 ಇಟ್ಟರೆ ಕಂಪ್ರೆಸರ್ ಶುರುವಾಗುವುದೇ ಇಲ್ಲ, ಬರೀ ಫ್ಯಾನ್ ಗಾಳಿ ಬರುತ್ತದೆ. ಇದನ್ನೇ ದೋಷ ಎಂದುಕೊಂಡು ಮೆಕ್ಯಾನಿಕ್ ಕರೆಸುವವರಿದ್ದಾರೆ. ಪರೀಕ್ಷೆಗೆ ಮಾತ್ರ 18 ಇಡಿ. ದಿನನಿತ್ಯದ ಬಳಕೆಗೆ 18, 16 ಇಟ್ಟರೆ ಸಾಮಾನ್ಯ ಎಸಿ ಬೇಗ ತಂಪು ಮಾಡುವುದಿಲ್ಲ, ಹೆಚ್ಚು ಹೊತ್ತು ಓಡುತ್ತದೆ ಅಷ್ಟೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಲೆಕ್ಕದಲ್ಲಿ ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆ. 2020ರ ಜನವರಿಯಿಂದ ಸ್ಟಾರ್ ಲೇಬಲ್‌ನ ಎಸಿಗಳು 24ರಲ್ಲೇ ಶುರುವಾಗುವಂತೆ ಬರುತ್ತಿರುವುದು ಅದಕ್ಕೇ.

ಪರೀಕ್ಷೆಗೆ ಮೊದಲು ಮೇನ್ ಆಫ್ ಮಾಡಿ ಒಳಗಿನ ಘಟಕದ ಫಿಲ್ಟರ್ ತೆಗೆದು ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ಆಮೇಲೆ 15, 20 ನಿಮಿಷ ಓಡಿಸಿ. ಕೋಣೆಯ ತಾಪಮಾನ ತೋರಿಸುವ ಸಾದಾ ಥರ್ಮಾಮೀಟರ್ ಇದ್ದರೆ ಎಸಿ ಗಾಳಿ ಎಳೆಯುವ ಮೇಲ್ಭಾಗದಲ್ಲೊಮ್ಮೆ, ಬಿಡುವ ಬಾಯಲ್ಲೊಮ್ಮೆ ಹಿಡಿಯಿರಿ. (ಜ್ವರದ ಥರ್ಮಾಮೀಟರ್ ಇಷ್ಟು ಕಡಿಮೆ ತೋರಿಸುವುದಿಲ್ಲ.) ವ್ಯತ್ಯಾಸ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಬರಬೇಕು. ಗಾಳಿಯಲ್ಲಿ ತೇವ ಜಾಸ್ತಿಯಿದ್ದ ದಿನ ಸ್ವಲ್ಪ ಕಡಿಮೆ ಇರಬಹುದು. ನಾಲ್ಕೈದು ಡಿಗ್ರಿಯಲ್ಲೇ ನಿಂತರೆ ಏನೋ ಸರಿಯಿಲ್ಲ.

ಹೊರಗಿನ ಘಟಕ ಕೈಗೆಟುಕುವ ಜಾಗದಲ್ಲಿದ್ದರೆ ಅದರ ಎರಡು ಪೈಪ್ ನೋಡಿ. ಏಣಿ ಹತ್ತುವ ಸಾಹಸ ಬೇಡ. ದಪ್ಪ ಪೈಪ್‌ನ ಜೋಡಣೆ ತಣ್ಣಗಿದ್ದು ಬೆವರುತ್ತಿದ್ದರೆ ಒಳ್ಳೆಯ ಲಕ್ಷಣ. ಸಣ್ಣ ಪೈಪ್ ಮೇಲೆ ಬಿಳಿ ಮಂಜು ಕಟ್ಟಿ, ದಪ್ಪ ಪೈಪ್ ಒಣಗಿ ಬೆಚ್ಚಗಿದ್ದರೆ ಆಗ ಗ್ಯಾಸ್ ಸೋರಿಕೆಯ ಅನುಮಾನಕ್ಕೆ ಆಧಾರವಿದೆ. ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುವುದಕ್ಕೆ ಮಾತ್ರ ಎರಡು ಕಾರಣ ಇರಬಹುದು: ಗ್ಯಾಸ್ ಕೊರತೆ ಅಥವಾ ಧೂಳಿನಿಂದ ಗಾಳಿ ನಿಂತಿರುವುದು. ತೊಳೆದ ಫಿಲ್ಟರ್ ಹಾಕಿಯೂ ಐಸ್ ಬಂದರೆ ಕರೆ ಮಾಡಿ.

ಮಳೆಗಾಲ ಬಿಟ್ಟುಹೋದದ್ದು

ಎಸಿ ಹಾಕಿದ ಮೊದಲ ನಿಮಿಷದ ವಾಸನೆಯನ್ನು ಗಮನಿಸಿ. ಹಳೆ ಪೆಟ್ಟಿಗೆ ತೆರೆದಂಥ ಮುಗ್ಗಲು ವಾಸನೆ ಇದ್ದರೆ ಅದು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟ್, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುವ ಊರಲ್ಲಿ ಎಸಿಯ ಕತ್ತಲೆಯ ಬ್ಲೋವರ್ ಹೇಗೆ ತಪ್ಪಿಸಿಕೊಂಡೀತು? ಅಸ್ತಮಾ, ಅಲರ್ಜಿ ಇರುವವರಿಗೆ ಇದು ನಿಜವಾದ ತೊಂದರೆ. ಫಿಲ್ಟರ್ ತೊಳೆದರೆ ಹೋಗುವುದಿಲ್ಲ, ಬ್ಲೋವರ್ ಮತ್ತು ಕಾಯಿಲ್ ಸರ್ವಿಸ್ ಆಗಬೇಕು. ಆದರೆ ಮನೆ ಎಸಿಯಿಂದ ಲೀಜನೇರ್ಸ್ ಎಂಬ ಮಾರಕ ನ್ಯುಮೋನಿಯಾ ಬರುತ್ತದೆ ಎಂಬ ಫಾರ್ವರ್ಡ್‌ಗೆ ಹೆದರಬೇಡಿ. ಆ ಬ್ಯಾಕ್ಟೀರಿಯಾ ಬೆಳೆಯುವುದು ದೊಡ್ಡ ಕಟ್ಟಡಗಳ ನೀರಿನ ಕೂಲಿಂಗ್ ಟವರ್‌ನಂಥ ಕಡೆ. ಮನೆಯ ಸ್ಪ್ಲಿಟ್ ಎಸಿ ಹಾಗೆ ನೀರಿನಿಂದ ತಂಪಾಗುವುದಿಲ್ಲ. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಮಾತ್ರ ವಾಸನೆ ಪರೀಕ್ಷಿಸುತ್ತ ನಿಲ್ಲದೆ ಎಂಸಿಬಿ ಆಫ್ ಮಾಡಿ.

ಒಳಗೆ ಗೋಡೆಗೆ ನೀರು ಇಳಿಯುತ್ತಿದ್ದರೆ ಮೊದಲು ಹೊರಗಿನ ನೀರಿನ ಪೈಪ್‌ನ ತುದಿ ನೋಡಿ. ಪಾಚಿ ಕಟ್ಟಿರಬಹುದು, ಅಥವಾ ಕಡಜ ಮಣ್ಣು ಮೆತ್ತಿ ಗೂಡು ಮಾಡಿರಬಹುದು. ಹೊರಗಿನ ಘಟಕದ ಪೆಟ್ಟಿಗೆಯೊಳಗೆ ಹಲ್ಲಿ, ಇರುವೆ, ಇಲಿ ಸೇರುವುದೂ ಇದೆ. ಹಲ್ಲಿಯೊಂದು ಸರ್ಕ್ಯೂಟ್ ಬೋರ್ಡ್ ಮೇಲೆ ಸಿಕ್ಕಿಕೊಂಡು ಸತ್ತರೆ ಬೋರ್ಡೂ ಅದರ ಜತೆ ಹೋಗುತ್ತದೆ. ಮಳೆಗಾಲಕ್ಕೆಂದು ಹೊರಗಿನ ಘಟಕವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತುವವರಿದ್ದಾರೆ. ಅದು ಮಳೆ ತಾಳುವಂತೆಯೇ ಮಾಡಿದ ಪೆಟ್ಟಿಗೆ. ಸುತ್ತಿದರೆ ತೇವ ಒಳಗೇ ನಿಂತು ತುಕ್ಕು, ಇಲಿಗೆ ಬೆಚ್ಚನೆಯ ಮನೆ. ಸುತ್ತಿಟ್ಟಿದ್ದರೆ ಬಿಚ್ಚಿಯೇ ಎಸಿ ಹಾಕಿ. ಆ ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ನೀವು ತೆಗೆಯಬೇಡಿ. ಒಳಗಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡಿದಿರುತ್ತದೆ, ಶಾಕ್ ಹೊಡೆಯುತ್ತದೆ.

ಹಾಗಾದರೆ ಎಸಿ ಸಿಡಿಯುವುದಿಲ್ಲವೇ?

ಗ್ಯಾಸ್ ಕಡಿಮೆಯಾದ ಮಾತ್ರಕ್ಕೆ ಸಿಡಿಯುವುದಿಲ್ಲ. ಕಂಪ್ರೆಸರ್ ಹೆಚ್ಚು ಬಿಸಿಯಾಗಿ ಹಾಳಾಗಬಹುದು ಎಂಬಷ್ಟು ನಿಜ. ಆರ್-32 ಸುಲಭವಾಗಿ ಅಲ್ಲದಿದ್ದರೂ ಹೊತ್ತಿಕೊಳ್ಳಬಲ್ಲ ಗ್ಯಾಸ್, ಕೆಲವು ಎಸಿಗಳಲ್ಲಿರುವ ಆರ್-290 ಎಂದರೆ ಶುದ್ಧ ಪ್ರೊಪೇನ್. ಆದ್ದರಿಂದ ಗ್ಯಾಸ್ ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ. ಸೋರಿಕೆ ಹುಡುಕಲು ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ತಂದವರನ್ನು ಕೆಲಸ ಮಾಡಲು ಬಿಡಬೇಡಿ: ಆಕ್ಸಿಜನ್ ಮತ್ತು ಕಂಪ್ರೆಸರ್ ಎಣ್ಣೆ ಸೇರಿದರೆ ನಿಜವಾಗಿಯೂ ಸ್ಫೋಟವಾಗುತ್ತದೆ.

ಮನೆಯವರು ಹೆಚ್ಚು ಹೆದರಬೇಕಾದದ್ದು ವೈರಿಂಗ್‌ಗೆ. ಒಂದೂವರೆ ಟನ್ ಎಸಿ ಗಂಟೆಗಟ್ಟಲೆ ಏಳೆಂಟು ಆಂಪಿಯರ್ ಎಳೆಯುತ್ತದೆ. ಅದಕ್ಕೆ ಪ್ರತ್ಯೇಕ ವೈರ್, 16 ಆಂಪಿಯರ್ ಸಾಕೆಟ್, ತನ್ನದೇ ಎಂಸಿಬಿ ಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಖಂಡಿತ ಬೇಡ. ಅರ್ಧ ಗಂಟೆ ಓಡಿಸಿ ಆಫ್ ಮಾಡಿದ ಮೇಲೆ ಪ್ಲಗ್ ಕೈಗೆ ಸುಡುವಷ್ಟು ಬಿಸಿಯಿದ್ದರೆ, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಎಲೆಕ್ಟ್ರಿಷಿಯನ್ ನೋಡುವವರೆಗೆ ಎಸಿ ಹಾಕಬೇಡಿ. ಎಂಸಿಬಿ ಮತ್ತೆ ಮತ್ತೆ ಬಿದ್ದರೆ ದೊಡ್ಡ ಎಂಸಿಬಿ ಹಾಕಿಸುವುದು ಪರಿಹಾರವಲ್ಲ, ಎಚ್ಚರಿಸುವವನ ಬಾಯಿ ಮುಚ್ಚಿಸಿದಂತೆ.

ತೋಟದ ಮನೆಗಳಿಗೆ ಇನ್ನೊಂದು ಸಮಸ್ಯೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂ ಅರಳಿಸಲು ಸ್ಪ್ರಿಂಕ್ಲರ್ ಮೋಟಾರ್‌ಗಳು ಓಡುವ ಹೊತ್ತಿಗೆ ಲೈನಿನ ಕೊನೆಯ ಮನೆಯ ವೋಲ್ಟೇಜ್ ಬೀಳುತ್ತದೆ. ಹಳೆಯ ಬಗೆಯ ಎಸಿಯ ಕಂಪ್ರೆಸರ್ ಆಗ ಗುಂಯ್ ಎಂದು ನರಳಿ, ಶುರುವಾಗದೆ ಟಕ್ ಎಂದು ನಿಲ್ಲುತ್ತದೆ. ಇದು ನಾಲ್ಕೈದು ಸಲ ಆದರೆ ಎಸಿ ಆಫ್ ಮಾಡಿ, ವೋಲ್ಟೇಜ್ ಬಗ್ಗೆ 1912ಕ್ಕೆ ದೂರು ಕೊಡಿ. ವೋಲ್ಟೇಜ್ ಸರಿಯಿದ್ದೂ ಹೀಗಾದರೆ ಕೆಪಾಸಿಟರ್ ಸೋತಿರಬಹುದು, ಅದು ಸಣ್ಣ ರಿಪೇರಿ.

ಅದರ ಬೆನ್ನಿಗೇ ಬರುವುದು ಹೂಮಳೆ, ಹೂಮಳೆಯ ಜತೆ ಗುಡುಗು ಸಿಡಿಲು. ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತ ತಡೆಯುತ್ತದೆ, ಸಿಡಿಲನ್ನಲ್ಲ. ರಿಮೋಟ್‌ನಲ್ಲಿ ಆಫ್ ಮಾಡಿದರೂ ಬೋರ್ಡ್ ಲೈನಿಗೆ ಸೇರಿಕೊಂಡೇ ಇರುತ್ತದೆ. ಮೋಡ ಕಟ್ಟುವಾಗಲೇ, ಮೊದಲ ಗುಡುಗಿಗೆ ಕಾಯದೆ, ಪ್ಲಗ್ ಕೀಳಿ. ಅರ್ಥಿಂಗ್ ಗುಂಡಿಯನ್ನೂ ನೋಡಿ: ಜನವರಿಯಿಂದ ಮಳೆಯಿಲ್ಲದೆ ಮಣ್ಣು ಒಣಗಿದ್ದರೆ ಅರ್ಥಿಂಗ್ ದುರ್ಬಲವಾಗುತ್ತದೆ. ಒಂದೆರಡು ಬಕೆಟ್ ನೀರು ಹುಯ್ಯಿರಿ, ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ.