ಕಕ್ಕಡದ ಸೊಪ್ಪು, ಐದು ನಿಮಿಷದ ವಿಡಿಯೊ

ಯೂಟ್ಯೂಬ್‌ನಂಥ ತಾಣಕ್ಕೆ ಮನರಂಜನೆಯ ವಿಡಿಯೊ ಮಾಡುವವರು ನೋಡುಗರಿಂದ ಮೊದಲು ಕೇಳುವುದು ಸಮಯವನ್ನು. ಒಂದು ವಿಡಿಯೊವನ್ನು ಎಷ್ಟು ಜನ ತೆರೆದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತಿದ್ದ ಯೂಟ್ಯೂಬ್, 2012ರಿಂದ ಎಷ್ಟು ಹೊತ್ತು ನೋಡಿದರು ಎಂಬುದನ್ನು ಮುಖ್ಯವಾಗಿ ಎಣಿಸತೊಡಗಿತು. ದೊಡ್ಡ ಅಕ್ಷರದ ಥಂಬ್‌ನೇಲ್, ಬೆರಗಿನ ಶೀರ್ಷಿಕೆ ಇವೆಲ್ಲ ಜನರನ್ನು ಅಂಗಳದವರೆಗೆ ಕರೆತರುತ್ತವೆ, ಅಷ್ಟೆ. ಶೀರ್ಷಿಕೆ ಹೇಳಿದ್ದು ಒಳಗೆ ಸಿಗದಿದ್ದರೆ ಅವರು ಅರೆಗಳಿಗೆಯಲ್ಲಿ ಹೊರಟುಬಿಡುತ್ತಾರೆ.

ಜನರನ್ನು ಉಳಿಸಿಕೊಳ್ಳುವುದು ಕುತೂಹಲ. ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯಲ್ಲಿರುವ ಬಿಟ್ಟಂಗಾಲದಂಥ ಊರಿನಲ್ಲಿ ಅದಕ್ಕೆ ಬರವಿಲ್ಲ. ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಹಸಿರು ಸೊಪ್ಪನ್ನು ಕುದಿಸಿದರೆ ನೀರು ಕಡುನೇರಳೆಗೆ ತಿರುಗುತ್ತದೆ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಔಷಧ ಗುಣ ಸೇರಿರುತ್ತದೆ ಎಂಬುದು ನಂಬಿಕೆ. ಪಾಯಸ ತಿಂದವರ ಮೂತ್ರಕ್ಕೂ ಬಣ್ಣ ಬರುವುದು ಊರಿನ ಮಕ್ಕಳಿಗೆಲ್ಲ ಗೊತ್ತು. ಹೊರಗಿನವರಿಗೆ ಅದೇ ದೊಡ್ಡ ಅಚ್ಚರಿ.

ಇದನ್ನು ಐದು ನಿಮಿಷದ ವಿಡಿಯೊ ಮಾಡುವವರು ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ ಎಂಬ ಮಾತುಗಳಿಂದ ಶುರುಮಾಡಬಾರದು. ಮೊದಲ ದೃಶ್ಯ ಪಾತ್ರೆಯಲ್ಲಿ ಕುದಿಯುತ್ತಿರುವ ನೇರಳೆ ನೀರೇ ಆಗಿರಲಿ. ಈ ಬಣ್ಣ ಎಲ್ಲಿಂದ ಬಂತು ಎಂಬ ಪ್ರಶ್ನೆ ನೋಡುಗರಲ್ಲಿ ಎದ್ದ ಮೇಲೆ ಕ್ಯಾಮೆರಾ ತೋಟದ ಬದಿಗೆ ಹೋಗಬಹುದು: ಗಿಡವನ್ನು ಗುರುತಿಸುವ ಅಜ್ಜಿ, ಕೊಯ್ಯುವ ಕೈ, ಸೊಪ್ಪು ತೊಳೆಯುವ ಕೆಲಸ. ಬಣ್ಣ ಬಿಡುವ ಗಳಿಗೆ ನಡುವೆ ಬರಲಿ, ಪಾಯಸದ ರುಚಿ ಕೊನೆಗೆ. ಅಜ್ಜಿಯ ಮಾತನ್ನು ಕತ್ತರಿಸಿ ಹಿನ್ನೆಲೆ ಸಂಗೀತ ತುಂಬುವುದು ಎಡಿಟಿಂಗ್‌ನಲ್ಲಿ ಮಾಡುವ ದೊಡ್ಡ ನಷ್ಟ. ಜನ ಮತ್ತೆ ಮತ್ತೆ ನೋಡುವುದು ಅಂಥ ಮಾತಿಗೇ. ನೋಡುಗರು ಯಾವ ಕ್ಷಣದಲ್ಲಿ ಬಿಟ್ಟುಹೋದರು ಎಂಬುದನ್ನು ಯೂಟ್ಯೂಬ್ ಸ್ಟುಡಿಯೊದ ರೇಖಾಚಿತ್ರ ತೋರಿಸುತ್ತದೆ. ಗೆರೆ ದಿಢೀರನೆ ಇಳಿದ ಜಾಗವನ್ನು ಗುರುತಿಟ್ಟುಕೊಂಡರೆ ಮುಂದಿನ ವಿಡಿಯೊ ತಾನಾಗಿ ಬಿಗಿಯಾಗುತ್ತದೆ.

ಕಾಸರಗೋಡು ಜಿಲ್ಲೆಯ ಸುದರ್ಶನ ಭಟ್ ಬೆದ್ರಡಿ ಅವರ ‘ಭಟ್ ಎನ್ ಭಟ್’ ಚಾನೆಲ್ ಹೀಗೆ ಊರಿನದನ್ನೇ ತೋರಿಸುತ್ತ ಬೆಳೆಯಿತು. 2020ರ ಲಾಕ್‌ಡೌನ್ ಕಾಲದಲ್ಲಿ ಆರಂಭವಾದ ಈ ಅಡುಗೆ ಚಾನೆಲ್‌ನಲ್ಲಿ ಹಲಸು, ಕೆಸುವಿನಂಥ ಹಿತ್ತಿಲಿನ ಪದಾರ್ಥಗಳೇ ಮುಖ್ಯ, ಮಾತು ಕರಾವಳಿಯ ಮನೆಮಾತಿನ ಕನ್ನಡ. ‘ಡಾ. ಬ್ರೋ’ ಎಂದೇ ಹೆಸರಾದ ಪ್ರವಾಸಿ ಯೂಟ್ಯೂಬರ್ ಗಗನ್ ಶ್ರೀನಿವಾಸ್ ಅಫ್ಗಾನಿಸ್ತಾನದವರೆಗೂ ಹೋಗಿ ಬಂದರೂ ಮಾತಿನ ಧಾಟಿ ಬದಲಿಸಲಿಲ್ಲ. ಒಬ್ಬರು ಹಿತ್ತಿಲನ್ನು ತೋರಿಸಿದರು, ಇನ್ನೊಬ್ಬರು ಜಗತ್ತನ್ನು. ಇಬ್ಬರಲ್ಲೂ ನೋಡುಗರಿಗೆ ಸಿಕ್ಕಿದ್ದು ಪಕ್ಕದ ಮನೆಯವರ ದನಿ. ಹೆಚ್ಚು ಜನರನ್ನು ತಲುಪಲೆಂದು ಸ್ವಂತ ಮಾತನ್ನು ಸಪ್ಪೆ ಮಾಡಿಕೊಳ್ಳಬೇಕಿಲ್ಲ. ಕೊಡವ ತಕ್ಕಿನಲ್ಲಿ ಮಾತಾಡಿ ಕೆಳಗೆ ಕನ್ನಡದ ಸಾಲು ಕೊಟ್ಟರೆ ಸಾಕು.

ಇನ್ನು ದನಿಯ ವಿಷಯ. ಚಿತ್ರ ತುಸು ಮಂಕಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಕಕ್ಕಡವೆಂದರೆ ಕೊಡಗಿನಲ್ಲಿ ಜಡಿಮಳೆ. ಹೆಂಚಿನ ಮೇಲೆ ಸುರಿಯುವ ನೀರಿನ ಸದ್ದಿನಲ್ಲಿ ಫೋನಿನ ಮೈಕ್ ಸೋಲುತ್ತದೆ. ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕ್ ದುಬಾರಿ ಕ್ಯಾಮೆರಾಕ್ಕಿಂತ ಮೊದಲು ಕೊಳ್ಳಬೇಕಾದ ವಸ್ತು. ಮಳೆಯ ಸದ್ದನ್ನು ಬೇರೆಯಾಗಿ ಅರ್ಧ ನಿಮಿಷ ಹಿಡಿದಿಟ್ಟು ಮಾತಿನಡಿ ಮೆಲ್ಲಗೆ ಸೇರಿಸಿದರೆ ಊರೇ ಕಣ್ಣೆದುರು ಬರುತ್ತದೆ. ಒಲೆಯ ಹೊಗೆ ತುಂಬಿದ ಅಡುಗೆಮನೆಗಿಂತ ಕಿಟಕಿಯ ಬಳಿಯ ಬೆಳಕು ಮೇಲು.

ಕಿರು ವಿಡಿಯೊಗಳೂ ನೆರವಿಗೆ ಬರುತ್ತವೆ. 2020ರ ಜೂನ್‌ನಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿತು. ಅದೇ ವರ್ಷ ಇನ್‌ಸ್ಟಾಗ್ರಾಂನ ರೀಲ್ಸ್, ಯೂಟ್ಯೂಬ್‌ನ ಶಾರ್ಟ್ಸ್ ಇಲ್ಲಿಗೆ ಬಂದವು. ಉದ್ದದ ವಿಡಿಯೊದಿಂದ ಬಣ್ಣ ಬದಲಾಗುವ ಇಪ್ಪತ್ತು ಸೆಕೆಂಡನ್ನು ಲಂಬವಾಗಿ ಕತ್ತರಿಸಿ ಹಾಕಿದರೆ ಅದು ಪೂರ್ತಿ ವಿಡಿಯೊಕ್ಕೆ ದಾರಿ ತೋರುತ್ತದೆ.

ವ್ಯೂಸ್‌ಗಾಗಿ ಮಾಡಲೇಬಾರದ ಕೆಲಸಗಳೂ ಇವೆ. ತೋಟಕ್ಕೆ ಬಂದ ಆನೆಯ ಹತ್ತಿರ ಫೋನ್ ಹಿಡಿದು ಹೋಗುವುದು ಪ್ರಾಣದೊಡನೆ ಚೆಲ್ಲಾಟ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಹಾಗೆ ಮಾಡಿದ ಒಬ್ಬರನ್ನು ಆನೆ ಅಟ್ಟಿಸಿ ಕೆಡವಿತು. ಬದುಕುಳಿದವರಿಗೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಕೊಡವ ಕುಟುಂಬದ ಮೂಲಮನೆಯಾದ ಐನ್‌ಮನೆ, ಹಿರೀಕರ ಗುಡಿಯಾದ ಕೈಮಡಗಳಲ್ಲಿ ನಡೆಯುವ ಕಾರಣರ, ಅಂದರೆ ಪೂರ್ವಜರ, ಪೂಜೆಯನ್ನು ಕುಟುಂಬದ ಹಿರಿಯರ ಒಪ್ಪಿಗೆಯಿಲ್ಲದೆ ಚಿತ್ರಿಸಬಾರದು. ಮಕ್ಕಳ ಮುಖ ತೋರಿಸಲು ತಂದೆತಾಯಿಯ ಒಪ್ಪಿಗೆ ಬೇಕು. ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಜಾಹೀರಾತಿನ ಹಣ ಹಾಡಿನ ಒಡೆಯರ ಪಾಲಾಗಬಹುದು.

ಆ ಹಣವೂ ಮೊದಲ ದಿನದಿಂದ ಬರುವುದಿಲ್ಲ. ಜಾಹೀರಾತಿನಲ್ಲಿ ಪಾಲು ಪಡೆಯಲು ಸಾವಿರ ಸಬ್‌ಸ್ಕ್ರೈಬರ್‌ಗಳ ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್ ಬೇಕೆಂಬುದು ಯೂಟ್ಯೂಬ್ 2023ರಲ್ಲಿ ಇಟ್ಟ ನಿಯಮ. ಉದ್ದದ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ಶೇ 55ರಷ್ಟು, ಶಾರ್ಟ್ಸ್‌ನಲ್ಲಿ ವಿಡಿಯೊ ಮಾಡಿದವರಿಗೆ ಮೀಸಲಾದ ಮೊತ್ತದ ಶೇ 45ರಷ್ಟು ಅವರಿಗೆ ಸಲ್ಲುತ್ತದೆ.