ಒಂದಡಿ ಮಂಜುಗಡ್ಡೆ, ಹತ್ತು ಲಕ್ಷ ಜನ

ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಇರುವವರು ಸುಮಾರು 10 ಲಕ್ಷ ಜನ. ಚಳಿ ಸರಿಯಾಗಿ ಬಿದ್ದ ವರ್ಷ ಆ ಊರಿನ ರಿಡೋ ಕಾಲುವೆಯ ಮೇಲೆ ಸ್ಕೇಟಿಂಗ್ ಮಾಡಲು ಬರುವವರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಅದೂ ಜನವರಿಯಿಂದ ಮಾರ್ಚ್ ಆರಂಭದವರೆಗಿನ ಐವತ್ತು ಚಿಲ್ಲರೆ ದಿನಗಳಲ್ಲಿ! ಸರಾಸರಿ ತೆಗೆದರೆ ದಿನಕ್ಕೆ 20 ಸಾವಿರ. ಟಿಕೆಟ್ ಇಲ್ಲ, ಪಾಸ್ ಇಲ್ಲ. ದಡದಲ್ಲಿ ಹಸಿರು ಬಾವುಟ ಕಂಡರೆ ಇಳಿಯಬಹುದು, ಕೆಂಪು ಕಂಡರೆ ಮನೆಗೆ ಹೋಗಬೇಕು.

ಊರಿನ ನಡುಮಧ್ಯದಿಂದ ಹೊರಟು ಕಾರ್ಲ್‌ಟನ್ ವಿಶ್ವವಿದ್ಯಾಲಯದ ಆಚೆಯವರೆಗೆ ಈ ಹಾದಿಯ ಉದ್ದ 7.8 ಕಿಲೋಮೀಟರ್. ವಿಸ್ತೀರ್ಣ 1,65,621 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 41 ಎಕರೆ. ಒಲಿಂಪಿಕ್ಸ್ ಅಳತೆಯ 90 ಸ್ಕೇಟಿಂಗ್ ಅಂಗಳಗಳನ್ನು ಜೋಡಿಸಿದರೆ ಇಷ್ಟಾಗುತ್ತದೆ. ತಾನಾಗಿ ಹೆಪ್ಪುಗಟ್ಟುವ ಅಂಗಳಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಎಂದು ಗಿನ್ನೆಸ್ ದಾಖಲೆಯೂ ಉಂಟು. ಅದೇ ದೇಶದ ಪಶ್ಚಿಮದಲ್ಲಿ, ಬ್ರಿಟಿಷ್ ಕೊಲಂಬಿಯಾದ ವಿಂಡರ್‌ಮೀರ್ ಸರೋವರದ ಮೇಲೆ ಸುಮಾರು 30 ಕಿಲೋಮೀಟರ್ ಉದ್ದದ ಹಾದಿಯಿದೆ. ಹಾಗಾಗಿ ಒಟ್ಟಾವಾದವರು ಉದ್ದದ ಮಾತು ಎತ್ತುವುದಿಲ್ಲ, ವಿಸ್ತೀರ್ಣದ ಮಾತಾಡುತ್ತಾರೆ. ಗೆಲ್ಲುವ ಅಳತೆಯನ್ನೇ ಹಿಡಿಯುವ ಊರಭಿಮಾನ ಎಲ್ಲ ಕಡೆಯೂ ಇದ್ದದ್ದೇ.

ನನ್ನನ್ನು ಬೆರಗುಗೊಳಿಸುವುದು ಈ ದೊಡ್ಡ ಸಂಖ್ಯೆಗಳಿಗಿಂತ ಒಂದು ಸಣ್ಣ ಸಂಖ್ಯೆ: 30 ಸೆಂಟಿಮೀಟರ್. ಮಂಜುಗಡ್ಡೆ ಅಷ್ಟು ದಪ್ಪವಾಗುವ ತನಕ ಬಾವುಟ ಹಸಿರಾಗುವುದಿಲ್ಲ. ಒಬ್ಬಂಟಿ ಮನುಷ್ಯನಿಗೆ ಅದರರ್ಧ ಸಾಕು. ಆದರೆ ಜನಜಂಗುಳಿಯ ಜೊತೆಗೆ ಹಿಮ ಗುಡಿಸುವ ಭಾರೀ ವಾಹನಗಳ ತೂಕವನ್ನೂ ಅದು ಹೊರಬೇಕಲ್ಲ.

41 ಎಕರೆಗೆ ಒಂದಡಿ ದಪ್ಪದ ಮಂಜುಗಡ್ಡೆ ಎಂದರೆ ಸುಮಾರು 45 ಸಾವಿರ ಟನ್. ಶೂನ್ಯ ಡಿಗ್ರಿಗೆ ಇಳಿದ ನೀರು ಗಟ್ಟಿಯಾಗಬೇಕಾದರೆ ಪ್ರತಿ ಕಿಲೋದಿಂದ ಇನ್ನೂ 334 ಕಿಲೋಜೂಲ್ ಶಾಖ ಹೊರಬೀಳಬೇಕು. ಅಷ್ಟೂ ಟನ್ನಿಗೆ ಗುಣಿಸಿ ವಿದ್ಯುತ್ತಿನ ಲೆಕ್ಕಕ್ಕೆ ತಂದರೆ ಸುಮಾರು 42 ಲಕ್ಷ ಯೂನಿಟ್. ಇಷ್ಟನ್ನೂ ಆ ಊರಿನ ಗಾಳಿ ಯಾವ ಮೀಟರೂ ಓಡದೆ ಪುಕ್ಕಟೆ ಎಳೆದುಕೊಳ್ಳುತ್ತದೆ. ಮೈನಸ್ 10ರಿಂದ ಮೈನಸ್ 20 ಡಿಗ್ರಿ ಚಳಿ ಹತ್ತು ಹದಿನಾಲ್ಕು ದಿನ ಬಿಡದೆ ಹಿಡಿದರೆ ಸರಿ.

ಬಿಡದೆ ಹಿಡಿಯುವುದೇ ಕಷ್ಟ. ಗಡ್ಡೆ ದಪ್ಪವಾದಂತೆಲ್ಲ ಕೆಳಗಿನ ನೀರಿನ ಶಾಖ ಅದನ್ನು ದಾಟಿ ಮೇಲೆ ಬರುವುದು ನಿಧಾನವಾಗುತ್ತದೆ. ದಪ್ಪ ಎರಡು ಪಟ್ಟಾಗಲು ಚಳಿಯ ದಿನಗಳು ನಾಲ್ಕು ಪಟ್ಟು ಬೇಕು. ಮೇಲೆ ಹಿಮ ಬಿದ್ದರೆ ಅದು ಕಂಬಳಿ ಹೊದಿಸಿದ ಹಾಗೆ ಚಳಿಯನ್ನು ತಡೆಯುತ್ತದೆ. ವರ್ಷಕ್ಕೆ ಎರಡು ಮೀಟರಿನಷ್ಟು ಹಿಮ ಸುರಿಯುವ ಊರಿನಲ್ಲಿ ಸ್ಕೇಟಿಂಗಿನ ಮೊದಲ ಶತ್ರು ಹಿಮವೇ! ಅದಕ್ಕೇ ಸಿಬ್ಬಂದಿ ಹಗಲು ರಾತ್ರಿ ಹಿಮ ಗುಡಿಸುತ್ತಾರೆ, ಗಡ್ಡೆಗೆ ತೂತು ಕೊರೆದು ಕಾಲುವೆಯ ನೀರನ್ನೇ ಪಂಪಿನಿಂದ ಮೇಲೆತ್ತಿ ಹರಿಸಿ ಪದರದ ಮೇಲೆ ಪದರ ಕಟ್ಟುತ್ತಾರೆ.

ಕಾಲುವೆ ತೋಡಿದ್ದು ಆಟಕ್ಕಲ್ಲ. ಅಮೆರಿಕದ ದಾಳಿಗೆ ಹೆದರಿದ ಬ್ರಿಟಿಷರು ಸೈನ್ಯದ ಸಾಗಾಟಕ್ಕೆಂದು 1826ರಿಂದ 1832ರ ನಡುವೆ ಕಿಂಗ್‌ಸ್ಟನ್ ಊರಿನ ತನಕ 202 ಕಿಲೋಮೀಟರ್ ಜಲಮಾರ್ಗ ಕಟ್ಟಿಸಿದರು. ಸುಮಾರು ಸಾವಿರ ಕೆಲಸಗಾರರು ಸತ್ತರು, ಅವರಲ್ಲಿ ಬಹಳಷ್ಟು ಮಂದಿ ಮಲೇರಿಯಾದಿಂದ. ಹೌದು, ಕೆನಡಾದಲ್ಲಿ ಮಲೇರಿಯಾ. ಬೇಸಿಗೆಯ ಜೌಗು ಅಲ್ಲಿಯೂ ಜೌಗೇ. ಯುದ್ಧ ಮಾತ್ರ ಬರಲಿಲ್ಲ. ಆಟ ಶುರುವಾದದ್ದು ಬಹಳ ತಡವಾಗಿ: 1971ರ ಜನವರಿಯಲ್ಲಿ ಸುಮಾರು 50 ಕೆಲಸಗಾರರು ಪೊರಕೆ, ಸಲಿಕೆ ಹಿಡಿದು ಐದು ಮೀಟರ್ ಅಗಲದ ಪಟ್ಟಿಯೊಂದನ್ನು ಗುಡಿಸಿಕೊಟ್ಟರು. ಮೊದಲ ವಾರಾಂತ್ಯಕ್ಕೇ 50 ಸಾವಿರ ಜನ ಬಂದರು.

ಈಗ ಅಲ್ಲಿ ತೊಟ್ಟಿಲಿನಂಥ ಜಾರುಬಂಡಿಯಲ್ಲಿ ಕೂಸನ್ನು ಮಲಗಿಸಿ ತಳ್ಳಿಕೊಂಡು ಹೋಗುವ ಅಪ್ಪಂದಿರಿದ್ದಾರೆ, ಚೀಲ ಹೆಗಲಿಗೇರಿಸಿ ಆಫೀಸಿಗೆ ಜಾರುತ್ತಾ ಹೋಗುವವರಿದ್ದಾರೆ. ನಡುನಡುವೆ ಮಳಿಗೆಗಳು: ಬಿಸಿ ಚಾಕೊಲೇಟ್ ಮತ್ತು ಬೀವರ್‌ಟೇಲ್ಸ್, ಅಂದರೆ ಬೀವರ್ ಪ್ರಾಣಿಯ ಬಾಲದ ಆಕಾರಕ್ಕೆ ಹಿಟ್ಟು ಎಳೆದು ಕರಿದು ಸಕ್ಕರೆ, ದಾಲ್ಚಿನ್ನಿ ಉದುರಿಸಿದ ತಿಂಡಿ. 1979ರಿಂದ ಫೆಬ್ರವರಿಯಲ್ಲಿ ವಿಂಟರ್‌ಲೂಡ್ ಉತ್ಸವವೂ ನಡೆಯುತ್ತಿದೆ. ಮಂಜುಗಡ್ಡೆಯ ಶಿಲ್ಪ ಕೆತ್ತುವ ಸ್ಪರ್ಧೆ, ಮಕ್ಕಳಿಗೆ ಹಿಮದಲ್ಲಿ ಕಟ್ಟಿದ ಜಾರುಬಂಡೆ. ಮೂರನೆಯ ಸೋಮವಾರ ಒಂಟಾರಿಯೊ ಪ್ರಾಂತ್ಯಕ್ಕೆಲ್ಲ ‘ಫ್ಯಾಮಿಲಿ ಡೇ’ ರಜೆ.

2022-23ರ ಚಳಿಗಾಲದಲ್ಲಿ ಕಾಲುವೆ ತೆರೆದ ದಿನಗಳು ಸೊನ್ನೆ. ಅರ್ಧ ಶತಮಾನದಲ್ಲಿ ಅದೇ ಮೊದಲು. ಮರುವರ್ಷ ಹತ್ತೇ ದಿನ. 2024-25ರಲ್ಲಿ ಮತ್ತೆ ಐವತ್ತು ದಾಟಿತು. ತೆಳುಗಡ್ಡೆಯ ಮೇಲೂ ಓಡಿ ಬೇಗನೆ ಹಿಮ ತೆಗೆಯಬಲ್ಲ ಹಗುರ ಯಂತ್ರಗಳನ್ನು ಕಾರ್ಲ್‌ಟನ್ನಿನ ಸಂಶೋಧಕರ ನೆರವಿನಿಂದ ಪರೀಕ್ಷಿಸುತ್ತಿದ್ದಾರೆ. ಒಳ್ಳೆಯದೇ, ಆದರೆ 42 ಲಕ್ಷ ಯೂನಿಟ್ಟಿನ ಕೆಲಸವನ್ನು ಯಂತ್ರಗಳಿಂದ ಮಾಡಿಸುತ್ತೇವೆಂದರೆ ನಾನು ನಂಬುವುದಿಲ್ಲ. ಅದು ಚಳಿಯೇ ಮಾಡಬೇಕಾದ ಕೆಲಸ.

ನಮ್ಮ ಕಡೆಯ ಅಪ್ಪ ಅಮ್ಮಂದಿರು ಕೆನಡಾದ ಮಕ್ಕಳ ಮನೆಗೆ ಸಾಮಾನ್ಯವಾಗಿ ಬೇಸಿಗೆ ನೋಡಿಕೊಂಡು ಹೋಗುತ್ತಾರೆ. ಮೈಗೆ ಆಗುವುದಾದರೆ ಒಮ್ಮೆ ಜನವರಿ ಕೊನೆಗೆ ಹೊರಡಿ. ಸ್ಕೇಟು ಬಾಡಿಗೆಗೆ ಸಿಗುತ್ತದೆ. ಆಗದವರು ದಡದಲ್ಲಿ ನಿಂತು ನೋಡಬಹುದು. ಒಟ್ಟಾವಾಕ್ಕೆ ಟಿಕೆಟ್ ತೆಗೆಯುವ ಮುನ್ನ ಮಾತ್ರ ಬಾವುಟದ ಬಣ್ಣ ವಿಚಾರಿಸಿಕೊಳ್ಳಿ.