ಇಂಡಿಯನ್ ಏರ್‌ಲೈನ್ಸ್ ವಿಮಾನ ಸಮೂಹದ ವಿಕಾಸ: ಒಂದು ಅವಲೋಕನ

ವಿಮಾನಯಾನ ಸಂಸ್ಥೆಯೊಂದರ ಚರಿತ್ರೆಯನ್ನು ಸಾಮಾನ್ಯವಾಗಿ ಅದರ ಆಡಳಿತ, ಲಾಭನಷ್ಟ ಹಾಗೂ ಮಾರ್ಗ ವಿಸ್ತರಣೆಯ ನೆಲೆಯಲ್ಲಿ ಬರೆಯಲಾಗುತ್ತದೆ. ಆದರೆ ಸಂಸ್ಥೆಯು ಯಾವ ಕಾಲದಲ್ಲಿ ಯಾವ ಮಾದರಿಯ ವಿಮಾನಗಳನ್ನು ಹೊಂದಿತ್ತು ಎಂಬ ಸಂಗತಿಯು ಈ ಮೂರರ ಮೇಲೂ ಪರಿಣಾಮ ಬೀರುತ್ತದೆ. ಮಾದರಿ ಬದಲಾದಂತೆ ಅಗತ್ಯವಾದ ರನ್‌ವೇಯ ಉದ್ದ, ಬಿಡಿಭಾಗಗಳ ದಾಸ್ತಾನು, ತಂತ್ರಜ್ಞರ ಪರವಾನಗಿ, ದುರಸ್ತಿಯ ವ್ಯವಸ್ಥೆ ಎಲ್ಲವೂ ಬದಲಾಗುತ್ತವೆ. ಒಂದು ಮಾದರಿಯಲ್ಲಿ ಪರಿಣತರಾದ ಪೈಲಟ್‌ಗಳು ಪ್ರತ್ಯೇಕ ತರಬೇತಿ ಮತ್ತು ಅನುಮೋದನೆ ಪಡೆಯದೆ ಬೇರೊಂದು ಮಾದರಿಯನ್ನು ಚಲಾಯಿಸುವಂತಿಲ್ಲ. ಈ ಹಿನ್ನೆಲೆಯಲ್ಲಿ, 1953ರಿಂದ 2007ರವರೆಗೆ ಸೇವೆ ಸಲ್ಲಿಸಿದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ ಪ್ರಯಾಣಿಕ ವಿಮಾನಗಳ ವಿಕಾಸವನ್ನು ಇಲ್ಲಿ ಪರಿಶೀಲಿಸಲಾಗಿದೆ.

1953ರ ವಾಯು ನಿಗಮಗಳ ಕಾಯಿದೆಯನ್ವಯ ಎಂಟು ಕಂಪನಿಗಳ ಸೇವೆಗಳನ್ನು ಒಂದುಗೂಡಿಸಿ ಈ ನಿಗಮವನ್ನು ಸ್ಥಾಪಿಸಲಾಯಿತು. ಆ ವರ್ಷದ ಆಗಸ್ಟ್ 1ರಂದು ಅದರ ಕಾರ್ಯಾಚರಣೆ ಆರಂಭವಾಯಿತು. ಪರಂಪರೆಯಾಗಿ ಬಂದ 99 ವಿಮಾನಗಳಲ್ಲಿ 74 ಡಿಸಿ-3 ಡಕೋಟಾ, 12 ವೈಕಿಂಗ್ ಹಾಗೂ 3 ಡಿಸಿ-4 ವಿಮಾನಗಳಿದ್ದವು. ಎರಡನೆಯ ಮಹಾಯುದ್ಧ ಮುಗಿದಾಗ ಉಳಿದುಹೋಗಿದ್ದ ಸೈನಿಕ ಡಕೋಟಾಗಳನ್ನು ನಾಗರಿಕ ಬಳಕೆಗೆ ಮಾರ್ಪಡಿಸುವ ಕಾರ್ಯದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪಾತ್ರ ಮಹತ್ವದ್ದಾಗಿತ್ತು. ಡಕೋಟಾ ಗಟ್ಟಿಮುಟ್ಟಾದ ಯಂತ್ರ. ಸಾಧಾರಣ ನೆಲದಲ್ಲಿಯೂ ಇಳಿಯಬಲ್ಲದು. ಆದರೆ ಒಳಗಿನ ಗಾಳಿಯ ಒತ್ತಡವನ್ನು ಕಾಯ್ದುಕೊಳ್ಳುವ ವ್ಯವಸ್ಥೆ ಇಲ್ಲದ ಕಾರಣ ಅದು ಹವೆಯ ಏರುಪೇರುಗಳ ನಡುವೆಯೇ, ಕಡಿಮೆ ಎತ್ತರದಲ್ಲಿ ಹಾರಬೇಕಾಗಿತ್ತು.

ಎರಡನೆಯ ಘಟ್ಟವನ್ನು ಟರ್ಬೊಪ್ರಾಪ್ ಯುಗವೆನ್ನಬಹುದು. 1957ರಲ್ಲಿ ಬ್ರಿಟನ್ನಿನ ವಿಕರ್ಸ್ ವೈಕೌಂಟ್, 1961ರಲ್ಲಿ ನೆದರ್‌ಲೆಂಡ್ಸಿನ ಫಾಕರ್ ಫ್ರೆಂಡ್‌ಶಿಪ್ ಹಾಗೂ ಅದೇ ದಶಕದ ಉತ್ತರಾರ್ಧದಲ್ಲಿ ಹೆಚ್.ಎಸ್.-748 ಸಮೂಹಕ್ಕೆ ಸೇರಿದವು. ‘ಆವ್ರೊ’ ಎಂದೇ ಜನಜನಿತವಾದ ಈ ಕೊನೆಯ ವಿಮಾನವನ್ನು ಹೆಚ್.ಎ.ಎಲ್. ಸಂಸ್ಥೆಯು ಪರವಾನಗಿ ಪಡೆದು ಕಾನ್ಪುರದಲ್ಲಿ ನಿರ್ಮಿಸಿತು. ಮೇಲ್ನೋಟಕ್ಕೆ ಇವು ಮೂರು ದೇಶಗಳ ನಂಟುಳ್ಳ ಮೂರು ಭಿನ್ನ ಯಂತ್ರಗಳು. ಆದರೂ ವೈಕೌಂಟ್‌ನ ನಾಲ್ಕು ಎಂಜಿನ್‌ಗಳೂ ಉಳಿದೆರಡರ ತಲಾ ಎರಡು ಎಂಜಿನ್‌ಗಳೂ ರೋಲ್ಸ್ ರಾಯ್ಸ್ ಕಂಪನಿಯ ‘ಡಾರ್ಟ್’ ಕುಲಕ್ಕೇ ಸೇರಿದವು ಎಂಬುದು ಗಮನಾರ್ಹ. ಒಡಲು ಬೇರೆಯಾದರೂ ಎಂಜಿನ್‌ನ ಕುಲ ಒಂದೇ ಆದ್ದರಿಂದ ತಂತ್ರಜ್ಞರ ಅನುಭವವು ಒಂದರಿಂದ ಇನ್ನೊಂದಕ್ಕೆ ಸಲ್ಲುವಂತಾಯಿತು.

1964ರಲ್ಲಿ ಫ್ರಾನ್ಸಿನ ಕ್ಯಾರವೆಲ್ ಬರುವುದರೊಂದಿಗೆ ನಿಗಮವು ಜೆಟ್ ಯುಗವನ್ನು ಪ್ರವೇಶಿಸಿತು. ಎಪ್ಪತ್ತರ ದಶಕದ ಆರಂಭದಲ್ಲಿ ಸೇರಿದ ಬೋಯಿಂಗ್ 737-200, ನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಒಯ್ಯುತ್ತ ಮುಂದಿನ ಎರಡು ದಶಕಗಳ ಕಾಲ ಸಂಸ್ಥೆಯ ಬೆನ್ನೆಲುಬಾಯಿತು. ದಟ್ಟಣೆಯ ಮಹಾನಗರ ಮಾರ್ಗಗಳಿಗಾಗಿ 1976ರಲ್ಲಿ ಅಗಲ ಒಡಲಿನ ಏರ್‌ಬಸ್ 300 ಬಂದಿತು. ಇಷ್ಟು ಹೊತ್ತಿಗೆ ಸಂಸ್ಥೆಯು ಪರಸ್ಪರ ಸಂಬಂಧವಿಲ್ಲದ ಹಲವು ಮಾದರಿಗಳನ್ನು ಏಕಕಾಲದಲ್ಲಿ ನಿರ್ವಹಿಸಬೇಕಾಯಿತು. ಪ್ರತಿಯೊಂದು ಮಾರ್ಗಕ್ಕೂ ತಕ್ಕ ವಿಮಾನ ದೊರೆಯುವುದು ಇದರ ಅನುಕೂಲ. ಒಂದು ಮಾದರಿಯ ಸಿಬ್ಬಂದಿಯನ್ನೂ ಬಿಡಿಭಾಗವನ್ನೂ ಇನ್ನೊಂದಕ್ಕೆ ಬಳಸಲಾಗದಿರುವುದು ಇದರ ಮಿತಿ.

1989ರಲ್ಲಿ ಆಗಮಿಸಿದ ಏರ್‌ಬಸ್ 320 ಕೇವಲ ಹೊಸ ವಿಮಾನವಾಗಿರದೆ ಹೊಸ ಹಾರಾಟ ಪದ್ಧತಿಯೇ ಆಗಿತ್ತು. ಹಿಂದಿನ ವಿಮಾನಗಳಲ್ಲಿ ತಂತಿ ಮತ್ತು ರಾಟೆಗಳ ಮೂಲಕ ಸಾಗುತ್ತಿದ್ದ ಪೈಲಟ್‌ನ ಆದೇಶ ಇಲ್ಲಿ ಗಣಕಯಂತ್ರದ ಮೂಲಕ ವಿದ್ಯುತ್ ಸಂಕೇತವಾಗಿ ಸಾಗುತ್ತದೆ. ಭಾರತದ ರನ್‌ವೇಗಳ ಧಾರಣಶಕ್ತಿಯನ್ನು ಗಮನಿಸಿ, ಭಾರ ಹಂಚಿಹೋಗುವಂತೆ ಪ್ರತಿ ಮುಖ್ಯ ಇಳಿಗಾಲಿಗೆ ಎರಡರ ಬದಲು ನಾಲ್ಕು ಚಕ್ರಗಳನ್ನು ಅಳವಡಿಸಲಾಗಿತ್ತು. ಇದು ಈ ಸಂಸ್ಥೆಯ 320 ವಿಮಾನಗಳ ವಿಶಿಷ್ಟ ಲಕ್ಷಣ.

ಹೊಸ ಪದ್ಧತಿಗೆ ಹೊಂದಿಕೊಳ್ಳುವುದು ಎಷ್ಟು ಕಠಿಣವೆಂಬುದು 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ವ್ಯಕ್ತವಾಯಿತು. ಮುಂಬಯಿಯಿಂದ 146 ಜನರನ್ನು ಹೊತ್ತು ಬಂದ ಏರ್‌ಬಸ್ 320 ಹೆಚ್.ಎ.ಎಲ್. ವಿಮಾನ ನಿಲ್ದಾಣದ ರನ್‌ವೇ ತಲಪುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿ 92 ಮಂದಿ ಮೃತಪಟ್ಟರು. ಇಳಿಯುವ ವೇಳೆ ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿ ಉಳಿಯುವ ‘ಐಡಲ್ ಓಪನ್ ಡಿಸೆಂಟ್’ ವಿಧಾನದಲ್ಲಿ ವಿಮಾನವಿದ್ದುದೂ, ಕುಗ್ಗುತ್ತಿದ್ದ ವೇಗವನ್ನು ಚಾಲಕರು ಸಕಾಲದಲ್ಲಿ ಗ್ರಹಿಸದಿದ್ದುದೂ ವಿಚಾರಣೆಯಿಂದ ತಿಳಿದುಬಂದಿತು. ತರುವಾಯ ಸಂಸ್ಥೆಯ ಎಲ್ಲ 320 ವಿಮಾನಗಳ ಹಾರಾಟವನ್ನು ಹಲವು ತಿಂಗಳು ನಿಲ್ಲಿಸಲಾಯಿತು. ಹೊಸ ಮಾದರಿಯನ್ನು ಕೊಳ್ಳುವುದರ ನಿಜವಾದ ಬೆಲೆಯು ಯಂತ್ರದ ಬೆಲೆಯಷ್ಟೇ ಅಲ್ಲ. ಅದನ್ನು ನಡೆಸುವವರ ರೂಢಿಗತ ಅಭ್ಯಾಸಗಳನ್ನು ಬದಲಿಸುವ ಹೊಣೆಯೂ ಅದರೊಂದಿಗೆ ಬರುತ್ತದೆಂಬುದಕ್ಕೆ ಈ ದುರಂತವು ನಿದರ್ಶನ.

ಮಾದರಿಯ ಆಯ್ಕೆಯು ಸಣ್ಣ ಊರುಗಳ ಸಂಪರ್ಕವನ್ನೂ ನಿರ್ಧರಿಸುತ್ತದೆ. 1951ರಲ್ಲಿ ಆರಂಭವಾದ ಮಂಗಳೂರಿನ ಬಜ್ಪೆ ನಿಲ್ದಾಣ ಗುಡ್ಡದ ನೆತ್ತಿಯಲ್ಲಿದೆ; ಅದರ ಹಳೆಯ ರನ್‌ವೇ ಸುಮಾರು 1,600 ಮೀಟರ್ ಉದ್ದದ್ದು. ಇಂಥಲ್ಲಿ ಆವ್ರೊದಂತಹ ವಿಮಾನಗಳೇ ಆಸರೆಯಾಗಿದ್ದವು. 2006ರಲ್ಲಿ ಸುಮಾರು 2,450 ಮೀಟರ್‌ನ ಹೊಸ ರನ್‌ವೇ ಬಳಕೆಗೆ ಬಂದಾಗ ದೊಡ್ಡ ಜೆಟ್‌ಗಳ ಸಂಚಾರ ಸುಗಮವಾಯಿತು.

2006ರಲ್ಲಿ ಸಂಸ್ಥೆಯು ಏರ್‌ಬಸ್ ಕಂಪನಿಯೊಂದಿಗೆ 43 ವಿಮಾನಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಇವು 319, 320 ಮತ್ತು 321 ಎಂಬ ಮೂರು ಅಳತೆಯವು. ಉದ್ದ ಹಾಗೂ ಆಸನಗಳ ಸಂಖ್ಯೆಯಲ್ಲಿ ಭೇದವಿದ್ದರೂ ಚಾಲಕ ಕೋಣೆಯ ವಿನ್ಯಾಸ ಸಮಾನವಾಗಿರುವುದರಿಂದ ಒಂದೇ ಅನುಮೋದನೆಯುಳ್ಳ ಪೈಲಟ್‌ಗಳು ಮೂರನ್ನೂ ಚಲಾಯಿಸಬಲ್ಲರು. ಮಾರ್ಗಕ್ಕೆ ತಕ್ಕ ವಿಮಾನ ಬೇಕೆಂಬ ಅಗತ್ಯ ಮತ್ತು ಮಾದರಿಗಳು ಕಡಿಮೆಯಿರಬೇಕೆಂಬ ಮಿತವ್ಯಯ ಇವೆರಡೂ ಇಲ್ಲಿ ಕೂಡಿಬಂದವು. ಮರುವರ್ಷವೇ ಸಂಸ್ಥೆಯನ್ನು ಏರ್ ಇಂಡಿಯಾದೊಂದಿಗೆ ವಿಲೀನಗೊಳಿಸಲಾಯಿತು.

ಒಟ್ಟಿನಲ್ಲಿ, ಡಕೋಟಾದಿಂದ 321ರವರೆಗಿನ ಈ ಅರ್ಧ ಶತಮಾನದ ಸಾಗುವಿಕೆಯು ವೈವಿಧ್ಯದಿಂದ ಏಕರೂಪತೆಯತ್ತ ನಡೆದ ಪಯಣ. ದೊರೆತುದನ್ನು ಬಳಸಿಕೊಂಡ ಕಾಲದಿಂದ ಬೇಕಾದುದನ್ನು ಆಯ್ದುಕೊಂಡ ಕಾಲಕ್ಕೆ ದೇಶದ ನಾಗರಿಕ ವಿಮಾನಯಾನ ಹೇಗೆ ಬಂದಿತೆಂಬುದನ್ನು ಅರಿಯಲು ವಿಮಾನಗಳ ಈ ಪಟ್ಟಿಯೂ ಒಂದು ಮೌಲಿಕ ದಾಖಲೆಯೇ ಆಗಿದೆ.